ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಪೈಪೋಟಿ: ಹೆಸರು ನಾಲ್ಕಿದ್ದರೆ ಆಯ್ಕೆಯೂ ನಾಲ್ಕೇ?

ಮೊದಲಸಾಲು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. 2012ರಲ್ಲಿ ನಾನು ಕೊಂಡ ತೆಳು ಲ್ಯಾಪ್‌ಟಾಪಿನಲ್ಲಿ ಎರಡು ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ಪ್ರೊಸೆಸರ್ ಇತ್ತು. ಅದು ಕೈಕೊಟ್ಟ ಮೇಲೆ 2017ರ ಆರಂಭದಲ್ಲಿ ಅದೇ ದರ್ಜೆಯ ಹೊಸದನ್ನು ತೆಗೆದುಕೊಂಡೆ. ಅದರಲ್ಲಿಯೂ ಎರಡೇ ಕೋರ್‌ಗಳಿದ್ದವು. ಐದು ವರ್ಷಗಳ ಅಂತರವಿದ್ದರೂ ದೊಡ್ಡ ಕಡತಗಳನ್ನು ತೆರೆಯುವಾಗ, ವಿಡಿಯೊ ಸಂಕಲನ ಮಾಡುವಾಗ ನಾನು ಕಾಯಬೇಕಾದ ಸಮಯ ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಆದರೆ ಅದೇ ವರ್ಷ ಮುಗಿಯುವುದರೊಳಗೆ ಅಂಥದೇ ಲ್ಯಾಪ್‌ಟಾಪ್‌ಗಳಲ್ಲಿ ನಾಲ್ಕು ಕೋರ್‌ಗಳು ಬಂದವು. ಮುಂದಿನ ಮೂರು ವರ್ಷಗಳಲ್ಲಿ ಎಂಟು ಕೋರ್‌ಗಳೂ ಬಂದವು. ಇಷ್ಟು ವರ್ಷ ಆಗದೇ ಇದ್ದದ್ದು ಇದ್ದಕ್ಕಿದ್ದಂತೆ ಹೇಗೆ ಸಾಧ್ಯವಾಯಿತು ಎಂಬುದು ಅಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ.

ಈಗ ಮತ್ತೊಮ್ಮೆ ಕೊಳ್ಳುವ ಸಮಯ ಬಂದಿದೆ. ಇಂಟೆಲ್, ಎಎಂಡಿ, ಆಪಲ್, ಕ್ವಾಲ್ಕಾಮ್ ಎಂಬ ನಾಲ್ಕು ಹೆಸರುಗಳು ಕಣ್ಣ ಮುಂದಿವೆ. ಇದನ್ನು ನಿಜವಾದ ಪೈಪೋಟಿ ಎಂದು ನಂಬಬಹುದೇ, ಅಥವಾ ಇದು ಕೆಲವು ವರ್ಷಗಳ ಮಟ್ಟಿಗೆ ಮಾತ್ರ ನಿಲ್ಲುವ ಸ್ಥಿತಿಯೇ? ಒಂದು ಲ್ಯಾಪ್‌ಟಾಪನ್ನು ಆರೇಳು ವರ್ಷ ಬಳಸುವ ನನ್ನಂಥವರು ಪ್ರೊಸೆಸರ್ ತಯಾರಕರ ಹೆಸರಿಗೆ ಎಷ್ಟು ಬೆಲೆ ಕೊಡಬೇಕು? ಬಲ್ಲವರು ಸ್ವಲ್ಪ ವಿವರವಾಗಿಯೇ ತಿಳಿಸಬೇಕೆಂದು ಕೋರುತ್ತೇನೆ.

ಹಳೆಕಡತ (ಉತ್ತರ)

ನಿಮಗೆ ಕಂಡ ವ್ಯತ್ಯಾಸ ಭ್ರಮೆಯಲ್ಲ. ಇಂಟೆಲ್ ಕಂಪನಿಯ 15 ವ್ಯಾಟ್ ದರ್ಜೆಯ, ಅಂದರೆ ಹೆಸರಿನ ಕೊನೆಯಲ್ಲಿ ‘ಯು’ ಅಕ್ಷರವಿರುವ ಪ್ರೊಸೆಸರ್‌ಗಳು ಏಳನೆಯ ತಲೆಮಾರಿನವರೆಗೂ ಎರಡು ಕೋರ್‌ಗಳಲ್ಲಿಯೇ ನಿಂತಿದ್ದವು; ಹೆಸರಿನಲ್ಲಿ ಐ5 ಇರಲಿ, ಐ7 ಇರಲಿ, ಒಳಗಿದ್ದ ಕೋರ್‌ಗಳು ಎರಡೇ. 2017ರ ಆಗಸ್ಟ್‌ನಲ್ಲಿ ಬಂದ ಎಂಟನೆಯ ತಲೆಮಾರಿನಲ್ಲಿ ಅದೇ 15 ವ್ಯಾಟ್‌ಗೆ ನಾಲ್ಕು ಕೋರ್‌ಗಳು ದೊರೆತವು. ಅದೇ ವರ್ಷದ ಮಾರ್ಚ್‌ನಲ್ಲಿ ಎಎಂಡಿ ತನ್ನ ಜೆನ್ ವಿನ್ಯಾಸದ ಮೊದಲ ರೈಜೆನ್ ಪ್ರೊಸೆಸರ್‌ಗಳನ್ನು ಡೆಸ್ಕ್‌ಟಾಪ್‌ಗೆ ತಂದಿತ್ತು. ಅಕ್ಟೋಬರ್‌ನಲ್ಲಿ ಲ್ಯಾಪ್‌ಟಾಪ್‌ಗೆ ನಾಲ್ಕು ಕೋರ್‌ಗಳ ರೈಜೆನ್ ಪ್ರಕಟಿಸಿತು. ಎರಡೂ ಘಟನೆಗಳು ಒಂದೇ ವರ್ಷದಲ್ಲಿ ನಡೆದದ್ದನ್ನು ನಾನು ಕಾಕತಾಳೀಯವೆಂದು ಭಾವಿಸುವುದಿಲ್ಲ. ಸಾಧ್ಯವಿದ್ದರೂ ಕೊಡದೇ ಇದ್ದದ್ದನ್ನು ಕೊಡುವಂತೆ ಮಾಡಿದ್ದು ಎದುರಾಳಿ ಬರುತ್ತಿದ್ದಾನೆ ಎಂಬ ಅರಿವು.

ಎದುರಾಳಿ ಅಷ್ಟು ತಡವಾಗಿ ಏಕೆ ಬಂದ ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಲ್ಯಾಪ್‌ಟಾಪ್‌ಗೆಂದೇ ಮೊದಲಿನಿಂದ ಯೋಚಿಸಿ ಮಾಡಿದ ಪ್ರೊಸೆಸರ್‌ಗಳು ಹಿಂದೆ ತೀರಾ ವಿರಳವಾಗಿದ್ದವು. ಡೆಸ್ಕ್‌ಟಾಪಿನದನ್ನೇ ವೇಗ ತಗ್ಗಿಸಿ ಹಾಕುವುದು ರೂಢಿ. 2000ದಲ್ಲಿ ಟ್ರಾನ್ಸ್‌ಮೆಟಾ ಎಂಬ ಚಿಕ್ಕ ಕಂಪನಿ ಕ್ರೂಸೋ ಎಂಬ ಪ್ರೊಸೆಸರ್ ತಂದು, ಇಂಟೆಲ್ ರೂಪಿಸಿದ ಎಕ್ಸ್86 ಎಂಬ ಆದೇಶಗಳನ್ನು (ಪ್ರೊಸೆಸರ್‌ಗೆ ಅರ್ಥವಾಗುವ ಭಾಷೆಯನ್ನು) ತಂತ್ರಾಂಶದ ಮೂಲಕ ತನ್ನ ಸರಳವಾದ ಒಳ ಆದೇಶಗಳಿಗೆ ಅನುವಾದಿಸಿ, ಬ್ಯಾಟರಿ ಉಳಿಸುವುದೇ ಮುಖ್ಯ ಗುರಿಯೆಂದು ಸಾರಿತು. ವೇಗದಲ್ಲಿ ಅದು ಸೋತಿತು, ಕಂಪನಿಯೂ ಉಳಿಯಲಿಲ್ಲ, ಆದರೆ ಅದು ಎತ್ತಿದ ಪ್ರಶ್ನೆ ಸರಿಯಾಗಿತ್ತು. 2003ರ ಮಾರ್ಚ್‌ನಲ್ಲಿ ಇಂಟೆಲ್ ಸೆಂಟ್ರಿನೊ ಹೆಸರಿನಲ್ಲಿ ಪೆಂಟಿಯಂ ಎಂ ಪ್ರೊಸೆಸರ್, ಅದರ ಚಿಪ್‌ಸೆಟ್ ಮತ್ತು ವೈಫೈ ಮೂರನ್ನೂ ಒಟ್ಟಾಗಿ ಮಾರಿತು. ಇಸ್ರೇಲಿನ ಹೈಫಾದ ತಂಡ ರೂಪಿಸಿದ ಆ ಪ್ರೊಸೆಸರ್, ಪೆಂಟಿಯಂ 4ರ ಹಾಗೆ ಗಿಗಾಹರ್ಟ್ಸ್ ಬೆನ್ನು ಹತ್ತದೆ, ಒಂದೊಂದು ಗಡಿಯಾರ ಬಡಿತದಲ್ಲಿ ಹೆಚ್ಚು ಕೆಲಸ ಮಾಡುವ ದಾರಿ ಹಿಡಿಯಿತು. 2006ರ ಕೋರ್ 2 ಡ್ಯುಯೊ ಆ ದಾರಿಯ ಮುಂದುವರಿಕೆಯೇ. ಇಷ್ಟರ ಮಟ್ಟಿಗೆ ಇಂಟೆಲ್‌ನ ಗೆಲುವು ಯೋಗ್ಯತೆಯಿಂದ ಬಂದದ್ದು, ಅದನ್ನು ಮರೆಯಬಾರದು.

ಆದರೆ ಗೆಲುವಿನ ಇನ್ನೊಂದು ಮುಖವೂ ಇದೆ. ಎಎಂಡಿಯ ಪ್ರೊಸೆಸರ್‌ಗಳನ್ನು ದೂರವಿಡಲೆಂದು ಕಂಪ್ಯೂಟರ್ ತಯಾರಕರಿಗೆ ಷರತ್ತಿನ ರಿಯಾಯಿತಿಗಳನ್ನೂ ಹಣವನ್ನೂ ಕೊಡಲಾಗಿದೆ ಎಂದು ಯುರೋಪಿಯನ್ ಆಯೋಗ 2009ರ ಮೇ ತಿಂಗಳಲ್ಲಿ ಇಂಟೆಲ್‌ಗೆ 106 ಕೋಟಿ ಯೂರೊ ದಂಡ ವಿಧಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಇಂಟೆಲ್ 125 ಕೋಟಿ ಡಾಲರ್ ಕೊಟ್ಟು ಎಎಂಡಿಯೊಂದಿಗಿನ ವ್ಯಾಜ್ಯಗಳನ್ನು ಬಗೆಹರಿಸಿಕೊಂಡಿತು. ಎಎಂಡಿ ತನ್ನದೇ ಕಾರಣಗಳಿಂದಲೂ ಸೊರಗಿತು: 2006ರಲ್ಲಿ ಎಟಿಐ ಕಂಪನಿಯನ್ನು ಕೊಂಡ ಸಾಲದ ಭಾರ, 2009ರಲ್ಲಿ ಕಾರ್ಖಾನೆಗಳನ್ನೇ ಬೇರ್ಪಡಿಸಿ ಗ್ಲೋಬಲ್‌ಫೌಂಡ್ರೀಸ್‌ಗೆ ಒಪ್ಪಿಸಬೇಕಾದ ಸ್ಥಿತಿ, 2011ರಲ್ಲಿ ನಿರೀಕ್ಷೆ ಹುಸಿಗೊಳಿಸಿದ ಬುಲ್‌ಡೋಜರ್ ವಿನ್ಯಾಸ. ನಿಮ್ಮ ಎರಡೂ ಹಳೆಯ ಲ್ಯಾಪ್‌ಟಾಪ್‌ಗಳು ಈ ಸೊರಗಿದ ಅವಧಿಯಲ್ಲಿ ಕೊಂಡವು.

ಎಕ್ಸ್86 ಆದೇಶಗಳನ್ನು ಬಳಸಿ ಪ್ರೊಸೆಸರ್ ಮಾಡುವ ಹಕ್ಕು ಎಎಂಡಿಗೆ ದೊರೆತದ್ದಾದರೂ ಹೇಗೆ? ಒಂದೇ ಕಂಪನಿಯನ್ನು ನಂಬಿ ತನ್ನ ಯಂತ್ರ ಮಾಡಲಾರೆ, ಎರಡನೆಯ ಪೂರೈಕೆದಾರ ಬೇಕೇ ಬೇಕು ಎಂದು ಕಂಪ್ಯೂಟರ್ ತಯಾರಕ ಐಬಿಎಂ ಪಟ್ಟು ಹಿಡಿದದ್ದರಿಂದ 1982ರಲ್ಲಿ ಇಂಟೆಲ್ ಮತ್ತು ಎಎಂಡಿ ನಡುವೆ ಆದ ಒಪ್ಪಂದವೇ ಅದಕ್ಕೆ ಮೂಲ. ಅಂದು ಗ್ರಾಹಕನೊಬ್ಬ ಆ ಷರತ್ತು ಹಾಕದೇ ಇದ್ದಿದ್ದರೆ ಇಂದು ನಾವು ಮಾತಾಡುತ್ತಿರುವ ಪೈಪೋಟಿಯ ಅರ್ಧ ಭಾಗ ಹುಟ್ಟುತ್ತಲೇ ಇರಲಿಲ್ಲ. ನನಗೆ ಈ ಇಡೀ ಚರಿತ್ರೆಯಲ್ಲಿ ಬಹಳ ಮುಖ್ಯವೆನಿಸುವ ಸಂಗತಿ ಅದು.

ಸಿಲಿಕಾನ್‌ಮರಳು (ಉತ್ತರ)

ಹಳೆಕಡತ ಅವರ ಉತ್ತರಕ್ಕೆ ಒಂದು ತಿದ್ದುಪಡಿ, ಒಂದು ಭಿನ್ನಾಭಿಪ್ರಾಯ.

ತಿದ್ದುಪಡಿ ಇದು. 2009ರ ಆ ದಂಡ ಹಾಗೆಯೇ ಉಳಿಯಲಿಲ್ಲ. ರಿಯಾಯಿತಿಗಳಿಂದ ಪೈಪೋಟಿಗೆ ಧಕ್ಕೆಯಾಯಿತೆಂಬುದನ್ನು ಆಯೋಗ ಸರಿಯಾಗಿ ಸಾಬೀತುಪಡಿಸಿಲ್ಲವೆಂದು ಯುರೋಪಿನ ನ್ಯಾಯಾಲಯ 2022ರಲ್ಲಿ ದಂಡವನ್ನು ರದ್ದುಮಾಡಿತು. 2024ರ ಅಕ್ಟೋಬರ್‌ನಲ್ಲಿ ಮೇಲಿನ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಎದುರಾಳಿಯ ಪ್ರೊಸೆಸರ್ ಇರುವ ಕೆಲವು ಮಾದರಿಗಳನ್ನು ನಿಲ್ಲಿಸಲು ಅಥವಾ ತಡಮಾಡಲು ತಯಾರಕರಿಗೆ ಹಣ ಕೊಟ್ಟ ಭಾಗ ಮಾತ್ರ ನಿಂತಿತು, ಅದಕ್ಕಾಗಿ ಆಯೋಗ 2023ರಲ್ಲಿ ಸುಮಾರು 37.6 ಕೋಟಿ ಯೂರೊ ದಂಡವನ್ನು ಹೊಸದಾಗಿ ವಿಧಿಸಿತು. ಎರಡನ್ನೂ ಬೇರ್ಪಡಿಸಿ ಹೇಳುವುದು ನ್ಯಾಯ.

ಭಿನ್ನಾಭಿಪ್ರಾಯ ಇನ್ನೂ ದೊಡ್ಡದು. 2017ರ ನಂತರದ ಬದಲಾವಣೆಯನ್ನು ಎರಡು ವಿನ್ಯಾಸ ತಂಡಗಳ ನಡುವಣ ಕುಸ್ತಿಯೆಂದು ಮಾತ್ರ ನೋಡಿದರೆ ನಮಗೆ ಅರ್ಧ ಕಥೆ ಮಾತ್ರ ಸಿಗುತ್ತದೆ. ಉಳಿದರ್ಧ ಇರುವುದು ಕಾರ್ಖಾನೆಯಲ್ಲಿ. ಇಂಟೆಲ್ 2014ರ ಕೊನೆಗೆ 14 ನ್ಯಾನೊಮೀಟರ್ ತಂತ್ರದ (ಈ ಸಂಖ್ಯೆ ಚಿಕ್ಕದಾದಷ್ಟೂ ಟ್ರಾನ್ಸಿಸ್ಟರ್ ಎಂಬ ಸೂಕ್ಷ್ಮ ಸ್ವಿಚ್ಚುಗಳು ಸಾಮಾನ್ಯವಾಗಿ ಹೆಚ್ಚು ಒತ್ತಾಗಿರುತ್ತವೆ) ಪ್ರೊಸೆಸರ್‌ಗಳನ್ನು ತಂದಾಗ ಜಗತ್ತಿನ ಎಲ್ಲರಿಗಿಂತ ಮುಂದಿತ್ತು. ಮುಂದಿನ ಹೆಜ್ಜೆಯಾದ 10 ನ್ಯಾನೊಮೀಟರ್‌ನಲ್ಲಿ ಒಂದೇ ಜಿಗಿತಕ್ಕೆ ಟ್ರಾನ್ಸಿಸ್ಟರ್‌ಗಳನ್ನು 2.7 ಪಟ್ಟು ಒತ್ತಾಗಿ ಕೂರಿಸುವ ಗುರಿ ಇಟ್ಟುಕೊಂಡು ಎಡವಿತು; ಗುರಿ ಅತಿಯಾಗಿತ್ತೆಂದು ಕಂಪನಿಯೇ ಮುಂದೆ ಒಪ್ಪಿಕೊಂಡಿತು. 2018ರಲ್ಲಿ ಬಂದ ಮೊದಲ 10 ನ್ಯಾನೊಮೀಟರ್ ಪ್ರೊಸೆಸರ್‌ನಲ್ಲಿ ಎರಡು ಕೋರ್‌ಗಳಿದ್ದವು, ಗ್ರಾಫಿಕ್ಸ್ ಭಾಗ ಕೆಲಸವನ್ನೇ ಮಾಡುತ್ತಿರಲಿಲ್ಲ. ಹೇಳಿಕೊಳ್ಳುವ ಪ್ರಮಾಣದಲ್ಲಿ ಅವು ಲ್ಯಾಪ್‌ಟಾಪ್‌ಗೆ ಬಂದದ್ದು 2019ರಲ್ಲಿ. ಅಷ್ಟರಲ್ಲಿ, ಬೇರೆಯವರ ವಿನ್ಯಾಸಗಳನ್ನು ತಯಾರಿಸಿಕೊಡುವ ತೈವಾನಿನ ಟಿಎಸ್‌ಎಂಸಿ ಕಂಪನಿ 7 ನ್ಯಾನೊಮೀಟರ್ ತಂತ್ರವನ್ನು ಪಕ್ವಗೊಳಿಸಿತ್ತು. ಎಎಂಡಿ ಅಲ್ಲಿಗೆ ಹೋಯಿತು, 2020ರಲ್ಲಿ 15 ವ್ಯಾಟ್‌ಗೆ ಎಂಟು ಕೋರ್‌ಗಳ ರೈಜೆನ್ 4000 ಸರಣಿಯನ್ನು ತಂದಿತು. ಅದೇ ವರ್ಷದ ನವೆಂಬರ್‌ನಲ್ಲಿ ಆಪಲ್ ತನ್ನ ಎಂ1 ಪ್ರೊಸೆಸರನ್ನು ಅದೇ ಟಿಎಸ್‌ಎಂಸಿಯ 5 ನ್ಯಾನೊಮೀಟರ್ ತಂತ್ರದಲ್ಲಿ, 1,600 ಕೋಟಿ ಟ್ರಾನ್ಸಿಸ್ಟರ್‌ಗಳೊಂದಿಗೆ, ಫ್ಯಾನ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಇಟ್ಟು ತೋರಿಸಿತು. ಎಂ1ರ ವಿನ್ಯಾಸ ಅದ್ಭುತವಾದದ್ದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದೇ ವಿನ್ಯಾಸವನ್ನು 14 ನ್ಯಾನೊಮೀಟರ್‌ನಲ್ಲಿ ಅಚ್ಚುಹಾಕಿದ್ದರೆ ಆ ಫ್ಯಾನಿಲ್ಲದ ಯಂತ್ರ ಹುಟ್ಟುತ್ತಿರಲಿಲ್ಲ.

ಈಗ ನೀವು ಹೆಸರಿಸಿದ ನಾಲ್ಕು ಕಂಪನಿಗಳನ್ನು ಮತ್ತೊಮ್ಮೆ ನೋಡಿ. ಆಪಲ್, ಎಎಂಡಿ, ಕ್ವಾಲ್ಕಾಮ್ ಮೂವರೂ ತಮ್ಮ ಇತ್ತೀಚಿನ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳನ್ನು ಮಾಡಿಸುವುದು ಟಿಎಸ್‌ಎಂಸಿಯಲ್ಲಿಯೇ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಲೂನಾರ್ ಲೇಕ್ ಎಂಬ ಹೆಸರಿನ ಪ್ರೊಸೆಸರ್‌ನಲ್ಲಿ ಸ್ವತಃ ಇಂಟೆಲ್ ಕೂಡ ಕೋರ್‌ಗಳಿರುವ ತುಣುಕನ್ನು ಟಿಎಸ್‌ಎಂಸಿಯ 3 ನ್ಯಾನೊಮೀಟರ್ ತಂತ್ರದಲ್ಲಿ ಮಾಡಿಸಿ, ಜೋಡಣೆಯನ್ನು ಮಾತ್ರ ತಾನು ಮಾಡಿತು. ಆ ಟಿಎಸ್‌ಎಂಸಿಗೂ ಅತಿ ಸೂಕ್ಷ್ಮ ಅಚ್ಚಿನ ಬೆಳಕಿನ ಯಂತ್ರಗಳನ್ನು ಪೂರೈಸುವುದು ನೆದರ್ಲೆಂಡ್ಸ್‌ನ ಎಎಸ್‌ಎಂಎಲ್ ಒಂದೇ. ಅಂಗಡಿಯ ಮುಂಬಾಗಿಲಲ್ಲಿ ನಾಲ್ಕು ಫಲಕಗಳಿದ್ದರೂ ಹಿತ್ತಲಿನಲ್ಲಿ ಒಂದೇ ಬಾವಿಯಿಂದ ನೀರು ಸೇದುತ್ತಿರುವ ಸ್ಥಿತಿ ಇದು. ಆದ್ದರಿಂದ ಪೈಪೋಟಿ ಉಳಿಯುತ್ತದೆಯೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಇಂಟೆಲ್‌ನ 18ಎ ತಯಾರಿಕಾ ತಂತ್ರ ಗೆಲ್ಲುವುದೇ ಎಂಬುದರ ಮೇಲೆ ಅದು ಬಹುಮಟ್ಟಿಗೆ ನಿಂತಿದೆ. ಪ್ಯಾಂಥರ್ ಲೇಕ್ ಪ್ರೊಸೆಸರ್‌ಗಳಲ್ಲಿ ಕೋರ್‌ಗಳಿರುವ ತುಣುಕನ್ನು ಅಮೆರಿಕದ ಅರಿಜೋನಾದಲ್ಲಿರುವ ತನ್ನ ಕಾರ್ಖಾನೆಯಲ್ಲಿ ಈ ತಂತ್ರದಿಂದಲೇ ಮಾಡುವುದಾಗಿ ಇಂಟೆಲ್ 2025ರಲ್ಲಿ ಪ್ರಕಟಿಸಿತು. ಯಾವ ಕಂಪನಿಯ ಅಭಿಮಾನಿಯಾಗಿದ್ದರೂ ಈ ಎರಡನೆಯ ಬಾವಿಯಲ್ಲಿ ನೀರು ಬರಲಿ ಎಂದು ಹಾರೈಸಬೇಕಾದವರು ನಾವೆಲ್ಲರೂ.

ಹಳೆಕಡತ (ಪ್ರತಿಕ್ರಿಯೆ)

ತಿದ್ದುಪಡಿಯನ್ನು ಒಪ್ಪುತ್ತೇನೆ; ತೀರ್ಪಿನ ಮುಂದಿನ ಭಾಗವನ್ನು ನಾನು ಹೇಳಬೇಕಾಗಿತ್ತು. ಕಾರ್ಖಾನೆಯ ವಿಷಯದಲ್ಲಿಯೂ ನಿಮ್ಮ ಮಾತು ಬಹುಪಾಲು ಸರಿ. ಆದರೆ 2017ರಲ್ಲಿ ಎರಡು ಕೋರ್‌ಗಳು ನಾಲ್ಕಾದದ್ದು ಅದೇ 14 ನ್ಯಾನೊಮೀಟರ್‌ನಲ್ಲಿ, ಹೊಸ ಕಾರ್ಖಾನೆಯ ನೆರವಿಲ್ಲದೆ, ಎಂಬುದನ್ನು ಗಮನಿಸಬೇಕು. ಆ ಒಂದು ಹೆಜ್ಜೆಗೆ ಎದುರಾಳಿಯ ಭಯದ ಹೊರತು ಬೇರೆ ಮುಖ್ಯ ಕಾರಣ ನನಗೆ ಕಾಣುತ್ತಿಲ್ಲ.

ಸಂಕಲಕ (ಉತ್ತರ)

ತಂತ್ರಾಂಶ ಬರೆಯುವವನಾಗಿ ಆರ್ಮ್ ಪ್ರೊಸೆಸರ್‌ಗಳ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಆರೇಳು ವರ್ಷ ಬಳಸುವವರಿಗೆ ನಿಜವಾದ ಕವಲುದಾರಿ ಇರುವುದು ಅಲ್ಲಿ. ಇಂಟೆಲ್ ಮತ್ತು ಎಎಂಡಿ ಒಂದೇ ಭಾಷೆಯ ಆದೇಶಗಳನ್ನು ಅರ್ಥಮಾಡಿಕೊಳ್ಳುತ್ತವೆ. ಒಂದರಿಂದ ಇನ್ನೊಂದಕ್ಕೆ ಹೋದಾಗ ನಿಮ್ಮ ಯಾವ ತಂತ್ರಾಂಶಕ್ಕೂ ಅದು ತಿಳಿಯುವುದೇ ಇಲ್ಲ. ಆಪಲ್ ಮತ್ತು ಕ್ವಾಲ್ಕಾಮ್ ಬಳಸುವ ಆರ್ಮ್ ಆದೇಶಗಳು ಬೇರೆ ಭಾಷೆ.

ಆಪಲ್ ಈ ದಾಟುವಿಕೆಯನ್ನು ಸುಗಮವಾಗಿ ಮಾಡಿದ್ದಕ್ಕೆ ಅದರ ಅನುವಾದಕ ತಂತ್ರಾಂಶ ರೊಸೆಟಾ 2 ಒಂದೇ ಕಾರಣವಲ್ಲ. ಎಕ್ಸ್86 ಪ್ರೊಸೆಸರ್‌ಗಳು ಮೆಮೊರಿಗೆ ಬರೆದದ್ದು ಇತರ ಕೋರ್‌ಗಳಿಗೆ ಯಾವ ಕ್ರಮದಲ್ಲಿ ಕಾಣಬೇಕೆಂಬ ವಿಷಯದಲ್ಲಿ ಆರ್ಮ್‌ಗಿಂತ ಕಟ್ಟುನಿಟ್ಟಾಗಿವೆ; ಆ ಕ್ರಮವನ್ನು ತಂತ್ರಾಂಶದಿಂದ ಅನುಕರಿಸಿದರೆ ವೇಗ ಬಹಳ ಕುಗ್ಗುತ್ತದೆ. ಆಪಲ್ ಆ ಕಟ್ಟುನಿಟ್ಟಿನ ಕ್ರಮವನ್ನು ಬೇಕಾದಾಗ ಆನ್ ಮಾಡಿಕೊಳ್ಳುವ ವ್ಯವಸ್ಥೆಯನ್ನು ಎಂ1ರ ಒಳಗೇ ಇಟ್ಟಿತ್ತು. ಪ್ರೊಸೆಸರ್, ಕಾರ್ಯಾಚರಣಾ ವ್ಯವಸ್ಥೆ, ಲ್ಯಾಪ್‌ಟಾಪ್ ಮೂರೂ ಒಂದೇ ಕೈಯಲ್ಲಿದ್ದಾಗ ಮಾತ್ರ ಇಂಥ ಮುಂದಾಲೋಚನೆ ಸಾಧ್ಯ. ಅದೇ ಒಂದೇ ಕೈ, ಹಳೆಯದನ್ನು ಬಿಡುವ ದಿನವನ್ನೂ ನಿರ್ಧರಿಸುತ್ತದೆ: ಇಂಟೆಲ್ ಪ್ರೊಸೆಸರ್ ಇರುವ ಮ್ಯಾಕ್‌ಗಳಿಗೆ ಮ್ಯಾಕ್‌ಒಎಸ್ 26 ಕೊನೆಯ ಆವೃತ್ತಿಯೆಂದು ಕಂಪನಿ 2025ರಲ್ಲಿ ಹೇಳಿಬಿಟ್ಟಿತು. ಬೇರೆ ತಯಾರಕರ ಲ್ಯಾಪ್‌ಟಾಪ್‌ಗೆ ಆಪಲ್ ತನ್ನ ಪ್ರೊಸೆಸರ್ ಮಾರುವುದಿಲ್ಲವಾದ್ದರಿಂದ, ಅದನ್ನು ಆರಿಸುವುದೆಂದರೆ ಇಡೀ ಮನೆಯನ್ನೇ ಬದಲಿಸಿದಂತೆ.

ವಿಂಡೋಸ್‌ನ ಕಥೆ ಇದಕ್ಕಿಂತ ಕಷ್ಟದ್ದು. 2012ರ ವಿಂಡೋಸ್ ಆರ್‌ಟಿಯಲ್ಲಿ ಹಳೆಯ ಡೆಸ್ಕ್‌ಟಾಪ್ ತಂತ್ರಾಂಶ ನಡೆಯುತ್ತಲೇ ಇರಲಿಲ್ಲ; ಮರುವರ್ಷ ಮೈಕ್ರೋಸಾಫ್ಟ್ ಅದರ ಟ್ಯಾಬ್ಲೆಟ್‌ಗಳ ದಾಸ್ತಾನಿಗಾಗಿ 90 ಕೋಟಿ ಡಾಲರ್ ನಷ್ಟ ತೋರಿಸಬೇಕಾಯಿತು. 2017ರ ಕೊನೆಗೆ ಕ್ವಾಲ್ಕಾಮ್ ಪ್ರೊಸೆಸರ್‌ಗಳೊಂದಿಗೆ ಎರಡನೆಯ ಯತ್ನ ನಡೆಯಿತು. ಆಗ 32 ಬಿಟ್ ತಂತ್ರಾಂಶ ಮಾತ್ರ ಅನುವಾದವಾಗುತ್ತಿತ್ತು, 64 ಬಿಟ್‌ಗೆ ವಿಂಡೋಸ್ 11ರವರೆಗೆ ಕಾಯಬೇಕಾಯಿತು. ಮೂರನೆಯ ಯತ್ನ ಗಂಭೀರವಾದದ್ದು. ಕ್ವಾಲ್ಕಾಮ್ 2021ರಲ್ಲಿ 140 ಕೋಟಿ ಡಾಲರ್‌ಗೆ ನುವಿಯಾ ಎಂಬ ಕಂಪನಿಯನ್ನು ಕೊಂಡಿತು. ಅದನ್ನು ಕಟ್ಟಿದವರು ಹಿಂದೆ ಆಪಲ್‌ನಲ್ಲಿ ಪ್ರೊಸೆಸರ್ ಕೆಲಸ ಮಾಡಿದ್ದವರು. ಅಲ್ಲಿಂದ ಹುಟ್ಟಿದ ಓರಿಯನ್ ಕೋರ್‌ಗಳಿರುವ ಸ್ನ್ಯಾಪ್‌ಡ್ರಾಗನ್ ಎಕ್ಸ್ ಎಲೀಟ್ ಲ್ಯಾಪ್‌ಟಾಪ್‌ಗಳು 2024ರ ಜೂನ್‌ನಲ್ಲಿ ಬಂದವು. ಸಾಮಾನ್ಯ ಬಳಕೆಯಲ್ಲಿ, ಬ್ಯಾಟರಿಯ ಬಾಳಿಕೆಯಲ್ಲಿ ಅವು ಚೆನ್ನಾಗಿವೆ. ಪ್ರಿಸಂ ಎಂಬ ಹೊಸ ಅನುವಾದಕವೂ ಹಿಂದಿನದಕ್ಕಿಂತ ಉತ್ತಮ. ಆದರೆ ಅನುವಾದಕ್ಕೆ ಒಂದು ಗಡಿಯಿದೆ. ಕಾರ್ಯಾಚರಣಾ ವ್ಯವಸ್ಥೆಯ ಒಳಮನೆಯಲ್ಲಿ ಕೆಲಸ ಮಾಡುವ ಡ್ರೈವರ್‌ಗಳನ್ನು (ಉಪಕರಣಗಳನ್ನು ನಡೆಸುವ ತಂತ್ರಾಂಶಗಳನ್ನು) ಅನುವಾದಿಸಲಾಗದು, ಅವು ಆರ್ಮ್‌ಗೆಂದೇ ಬರೆದಿರಬೇಕು. ಹಳೆಯ ಸ್ಕ್ಯಾನರ್, ವಿಶೇಷ ಅಳತೆಯ ಉಪಕರಣ, ಕೆಲವು ವಿಪಿಎನ್‌ಗಳು, ಆಟಗಳಲ್ಲಿ ಮೋಸ ತಡೆಯುವ ಕೆಲವು ತಂತ್ರಾಂಶಗಳು ನಿಲ್ಲುವುದು ಅಲ್ಲಿಯೇ.

ಹೊಸ ಸ್ಪರ್ಧಿಯ ಬರವಿನಿಂದ ಹಳಬರು ಎಚ್ಚೆತ್ತದ್ದಂತೂ ನಿಜ. ನಾಲ್ಕು ದಶಕ ಕಾದಾಡಿದ ಇಂಟೆಲ್ ಮತ್ತು ಎಎಂಡಿ 2024ರ ಅಕ್ಟೋಬರ್‌ನಲ್ಲಿ ಎಕ್ಸ್86ರ ಭವಿಷ್ಯಕ್ಕಾಗಿ ಒಂದು ಜಂಟಿ ಸಲಹಾ ಮಂಡಳಿ ಮಾಡಿಕೊಂಡವು.

ಮೊದಲಸಾಲು (ಪ್ರತಿಕ್ರಿಯೆ)

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ಇದನ್ನು ಓದಿದ ಮೇಲೆ ನನ್ನ ಹಳೆಯ ಸ್ಕ್ಯಾನರ್ ತಯಾರಕರ ಜಾಲತಾಣ ನೋಡಿದೆ. ಡ್ರೈವರ್ ಇರುವುದು ಎಕ್ಸ್86 ವಿಂಡೋಸ್‌ಗೆ ಮಾತ್ರ. ಆ ಸ್ಕ್ಯಾನರ್ ನನ್ನ ಕೆಲಸಕ್ಕೆ ಬೇಕೇ ಬೇಕು. ಹಾಗಾಗಿ ಎರಡು ಹೆಸರುಗಳು ಉಳಿದವು. ಆದರೆ ಅವುಗಳ ಮಾದರಿ ಸಂಖ್ಯೆಗಳನ್ನು ನೋಡಿದರೆ ಯಾವುದು ಹೊಸದು, ಯಾವುದು ಹಳೆಯದು ಎಂಬುದೇ ತಿಳಿಯುತ್ತಿಲ್ಲ. ಕೃತಕ ಬುದ್ಧಿಮತ್ತೆಗೆ 40 ಟಾಪ್ಸ್, 50 ಟಾಪ್ಸ್ ಎಂಬ ಅಂಕಿಗಳೂ ಕಾಣುತ್ತಿವೆ. ಇವುಗಳಿಗೆ ಎಷ್ಟು ಮಹತ್ವ ಕೊಡಬೇಕು?

ತಿರುಪುಮೊಳೆ (ಉತ್ತರ)

ಲ್ಯಾಪ್‌ಟಾಪ್ ದುರಸ್ತಿಯೇ ನನ್ನ ವೃತ್ತಿ. ಬಿಚ್ಚಿ ನೋಡಿದ ಅನುಭವದಿಂದ ಹೇಳುತ್ತೇನೆ.

ಸಂಖ್ಯೆಗಳ ಗೊಂದಲಕ್ಕೆ ನೀವು ಕಾರಣರಲ್ಲ. ಎಎಂಡಿಯ ರೈಜೆನ್ 5 7520ಯು, 7530ಯು, 7540ಯು ಮೂರನ್ನೂ ಅಕ್ಕಪಕ್ಕದಲ್ಲಿಟ್ಟರೆ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ. ಒಳಗಿರುವುದು ಮಾತ್ರ ಮೂರು ತಲೆಮಾರು: ಮೊದಲನೆಯದರಲ್ಲಿ 2019ರಲ್ಲಿ ಬಂದ ಜೆನ್ 2, ಎರಡನೆಯದರಲ್ಲಿ ಜೆನ್ 3, ಕೊನೆಯದರಲ್ಲಿ ಜೆನ್ 4. ಎಡದಿಂದ ಮೂರನೆಯ ಅಂಕಿಯನ್ನು ನೋಡಬೇಕೆಂಬುದು ಆ ಸರಣಿಯ ನಿಯಮ, ಆದರೆ ಕೊಳ್ಳುವವರಿಗೆ ಅದನ್ನು ಹೇಳುವವರಾರು? ಇಂಟೆಲ್ ಕೂಡ 2024ರ ಆರಂಭದಲ್ಲಿ ಕೋರ್ 7 150ಯು ಎಂಬ ಹಳೆಯ ವಿನ್ಯಾಸವನ್ನೂ ಕೋರ್ ಅಲ್ಟ್ರಾ 7 155ಯು ಎಂಬ ಹೊಸ ವಿನ್ಯಾಸವನ್ನೂ ಒಟ್ಟಿಗೇ ಮಾರಿತು. ವ್ಯತ್ಯಾಸ ಸೂಚಿಸುವುದು ‘ಅಲ್ಟ್ರಾ’ ಎಂಬ ಒಂದು ಪದ. ಪೈಪೋಟಿ ಇರುವ ಕಡೆ ಮಾಹಿತಿ ತಾನಾಗಿಯೇ ಸ್ಪಷ್ಟವಾಗುತ್ತದೆ ಎಂದು ನಂಬಿದ್ದ ನನಗೆ ಇದು ನಿಜಕ್ಕೂ ನೋವಿನ ಸಂಗತಿ. ಹೆಸರನ್ನು ಬಿಟ್ಟು, ಆ ನಿರ್ದಿಷ್ಟ ಮಾದರಿಯಲ್ಲಿರುವ ವಿನ್ಯಾಸ ಯಾವುದೆಂದು ತಯಾರಕರ ಅಧಿಕೃತ ಪುಟದಲ್ಲಿ ನೋಡಿಕೊಳ್ಳಿ.

ಹೆಸರಿಗಿಂತಲೂ ಮುಖ್ಯವಾದದ್ದು ವ್ಯಾಟ್. ಪ್ರೊಸೆಸರ್‌ಗೆ ಎಷ್ಟು ವಿದ್ಯುತ್ ಕೊಡಬೇಕೆಂಬುದನ್ನು ಒಂದು ಮಿತಿಯೊಳಗೆ ನಿರ್ಧರಿಸುವುದು ಲ್ಯಾಪ್‌ಟಾಪ್ ತಯಾರಕರು, ಪ್ರೊಸೆಸರ್ ತಯಾರಕರಲ್ಲ. ಒಂದೇ ಪ್ರೊಸೆಸರ್ ಇರುವ ಎರಡು ಬೇರೆ ತಯಾರಿಕೆಯ ಲ್ಯಾಪ್‌ಟಾಪ್‌ಗಳು ಒಮ್ಮೆ ನನ್ನ ಮೇಜಿಗೆ ಒಟ್ಟಿಗೆ ಬಂದಿದ್ದವು. ಒಂದರಲ್ಲಿ ಒಂದೇ ಸಣ್ಣ ಶಾಖನಳಿಕೆ, ಇನ್ನೊಂದರಲ್ಲಿ ಎರಡು ನಳಿಕೆ ಮತ್ತು ದೊಡ್ಡ ಫ್ಯಾನ್. ಒಂದೇ ವಿಡಿಯೊವನ್ನು ಪರಿವರ್ತಿಸಲು ಕೊಟ್ಟಾಗ ಮೊದಲ ನಿಮಿಷ ಎರಡೂ ಸಮನಾಗಿ ಓಡಿದವು. ಬಿಸಿಯೇರಿದ ಮೇಲೆ ಮೊದಲನೆಯದು 12 ವ್ಯಾಟ್‌ಗೆ ಇಳಿಯಿತು, ಎರಡನೆಯದು 25 ವ್ಯಾಟ್‌ನಲ್ಲಿಯೇ ನಿಂತಿತು. ಆ ವ್ಯತ್ಯಾಸದ ಮುಂದೆ ಎರಡು ಕಂಪನಿಗಳ ಪ್ರೊಸೆಸರ್‌ಗಳ ನಡುವಣ ವ್ಯತ್ಯಾಸ ಏನೂ ಅಲ್ಲ.

ಇದರ ಇನ್ನೊಂದು ಬದಿಯೂ ಇದೆ. ಪ್ರೊಸೆಸರ್ ಬಳಸುವ ವಿದ್ಯುತ್ತು ಅದರ ವೇಗದೊಂದಿಗೆ ಮಾತ್ರವಲ್ಲ, ವೋಲ್ಟೇಜಿನ ವರ್ಗದೊಂದಿಗೂ (ಅದನ್ನು ಅದರಿಂದಲೇ ಗುಣಿಸಿದ ಸಂಖ್ಯೆಯೊಂದಿಗೂ) ಏರುತ್ತದೆ, ವೇಗ ಹೆಚ್ಚಿಸಲು ವೋಲ್ಟೇಜನ್ನೂ ಹೆಚ್ಚಿಸಬೇಕಾಗುತ್ತದೆ. ಹಾಗಾಗಿ ಕೊನೆಯ ಒಂದಿಷ್ಟು ವೇಗಕ್ಕೆ ತೆರಬೇಕಾದ ವಿದ್ಯುತ್ತು ವಿಪರೀತ. ಬೆಂಚ್‌ಮಾರ್ಕ್ ಎಂಬ ವೇಗಪರೀಕ್ಷೆಗಳ ಪಟ್ಟಿಯಲ್ಲಿ ಎದುರಾಳಿಗಿಂತ ಕೂದಲೆಳೆಯಷ್ಟು ಮೇಲೆ ನಿಲ್ಲಲು ಪ್ರೊಸೆಸರನ್ನು ಆ ತುದಿಗೆ ಒತ್ತುವುದು ಪೈಪೋಟಿಯ ಕೆಟ್ಟ ಫಲ. ಬಿಸಿ ಮತ್ತು ಫ್ಯಾನಿನ ಸದ್ದಿನ ರೂಪದಲ್ಲಿ ಅದನ್ನು ಅನುಭವಿಸುವವರು ಬಳಕೆದಾರರು.

ಟಾಪ್ಸ್ (ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಎಂಬ ಅಳತೆ) ವಿಷಯವನ್ನು ಬೇಗ ಮುಗಿಸುತ್ತೇನೆ. ಮೈಕ್ರೋಸಾಫ್ಟ್ 2024ರಲ್ಲಿ ತನ್ನ ಕೋಪೈಲಟ್ ಪ್ಲಸ್ ಲ್ಯಾಪ್‌ಟಾಪ್‌ಗಳಿಗೆ 40 ಟಾಪ್ಸ್ ಎಂಬ ಗೆರೆ ಎಳೆಯಿತು. ಕ್ವಾಲ್ಕಾಮ್ 45, ಇಂಟೆಲ್ 48, ಎಎಂಡಿ 50 ಎಂದು ಅದನ್ನು ದಾಟಿದವು. ನೀವು ಹೇಳಿದ ಕೆಲಸಗಳಲ್ಲಿ 45 ಮತ್ತು 50ರ ನಡುವೆ ನಿಮಗೆ ಯಾವ ಅಂತರವೂ ಕಾಣದು.

ಆರೇಳು ವರ್ಷದ ದೃಷ್ಟಿಯಿಂದ ನೋಡಬೇಕಾದದ್ದು ಮೆಮೊರಿ. ಲೂನಾರ್ ಲೇಕ್‌ನಲ್ಲಿ 16 ಅಥವಾ 32 ಜಿಬಿ ಮೆಮೊರಿ ಪ್ರೊಸೆಸರ್ ಪೊಟ್ಟಣದಲ್ಲಿಯೇ ಸೇರಿಕೊಂಡಿರುತ್ತದೆ. ಅದರಿಂದ ವಿದ್ಯುತ್ ಉಳಿಯುತ್ತದೆ, ಆದರೆ ಮುಂದೆಂದೂ ಹೆಚ್ಚಿಸಲಾಗದು. ಬೇರೆ ಎಷ್ಟೋ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿಯನ್ನು ಮದರ್‌ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ. ಬದಲಿಸಬಲ್ಲ ಮೆಮೊರಿ ಇದ್ದರೆ ಎರಡೂ ಕಿಂಡಿಗಳು ತುಂಬಿವೆಯೇ ಎಂದು ನೋಡಿ. ಒಂದೇ ತುಂಬಿದ್ದರೆ ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್‌ಗೆ ಸಿಗುವ ದತ್ತಾಂಶದ ಹರಿವು ಅರ್ಧಕ್ಕೆ ಇಳಿಯುತ್ತದೆ. ಒಳ್ಳೆಯ ಪ್ರೊಸೆಸರನ್ನು ಹಾಗೆ ಉಪವಾಸ ಕೆಡವಿದ ಯಂತ್ರಗಳು ನನ್ನ ಬಳಿಗೆ ಪದೇ ಪದೇ ಬರುತ್ತವೆ.

ಮೊದಲಸಾಲು (ಪ್ರತಿಕ್ರಿಯೆ)

ಬಹಳ ಉಪಯುಕ್ತವಾಯಿತು. ಒಂದೇ ಪ್ರಶ್ನೆ ಉಳಿದಿದೆ: ಬಿಸಿಯೇರಿದ ಮೇಲೆ ಎಷ್ಟು ವ್ಯಾಟ್‌ನಲ್ಲಿ ನಿಲ್ಲುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ತಿಳಿಯುವುದು ಹೇಗೆ? ವಿವರಪಟ್ಟಿಯಲ್ಲಿ ಅದನ್ನು ಎಲ್ಲಿಯೂ ಬರೆದಿಲ್ಲ.

ತಿರುಪುಮೊಳೆ (ಪ್ರತಿಕ್ರಿಯೆ)

ಸಾಮಾನ್ಯವಾಗಿ ಬರೆಯುವುದಿಲ್ಲ. ಅದೇ ಮಾದರಿಯ ಲ್ಯಾಪ್‌ಟಾಪನ್ನು ಅರ್ಧ ಗಂಟೆ ಸತತವಾಗಿ ದುಡಿಸಿ ಅಳೆದಿರುವ ವಿಮರ್ಶೆಯನ್ನು ಹುಡುಕಿ. ಮೊದಲ ಅಂಕಿಯನ್ನು ಬಿಟ್ಟು ಹತ್ತನೆಯ ನಿಮಿಷದ ನಂತರದ ಅಂಕಿಯನ್ನು ನೋಡಿ. ವಿಮರ್ಶಕರ ಬಳಿಯಿದ್ದ ಯಂತ್ರದ ಪ್ರೊಸೆಸರ್ ಮತ್ತು ಮೆಮೊರಿ ನೀವು ಕೊಳ್ಳುತ್ತಿರುವ ಯಂತ್ರದವೇ ಎಂದು ಖಚಿತಪಡಿಸಿಕೊಳ್ಳಿ, ಏಕೆಂದರೆ ಒಂದೇ ಹೆಸರಿನ ಲ್ಯಾಪ್‌ಟಾಪ್ ಎರಡು ಮೂರು ಪ್ರೊಸೆಸರ್‌ಗಳೊಂದಿಗೆ ಬರುವುದುಂಟು. ಎರಡು ಮಾದರಿಗಳನ್ನು ಆರಿಸಿಕೊಂಡ ಮೇಲೆ ಅವುಗಳ ಪೂರ್ತಿ ಸಂಖ್ಯೆಯನ್ನು ಇಲ್ಲಿ ಬರೆಯಿರಿ, ಒಳಗಿನ ತಂಪುಗೊಳಿಸುವ ವ್ಯವಸ್ಥೆ ಹೇಗಿದೆಯೆಂದು ನೋಡಿ ಹೇಳುತ್ತೇನೆ.